ಜೀಪಿಗೆ ಡೀಸೆಲ್ ಸಾಲುತ್ತಿಲ್ಲವೇ? ಟ್ಯಾಂಕಿನಿಂದ ಹುಡುಕುತ್ತಾ ಬನ್ನಿ

ನಮ್ಮ ತೋಟದಿಂದ ಡಾಂಬರು ರಸ್ತೆ ಮುಟ್ಟಬೇಕಾದರೆ ಒಂದು ಹಳ್ಳ ದಾಟಿ ಮುಕ್ಕಾಲು ಕಿಲೋಮೀಟರ್ ಏರು ಹತ್ತಬೇಕು. ಮೂಡಿಗೆರೆ ಕಡೆಯ ಜಾಗ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಉಂಡೆಗಲ್ಲು. ಅಪ್ಪ ತೀರಿಕೊಂಡ ಮೇಲೆ ತೋಟದ ಜೊತೆ ಅವರ ಹಳೇ ಮಹೀಂದ್ರ ಜೀಪೂ ನನ್ನ ಕೈಗೆ ಬಂತು. ಡಿ.ಐ. ಎಂಜಿನ್ (ಡೀಸೆಲ್ಲನ್ನು ನೇರ ಸಿಲಿಂಡರಿಗೇ ಚಿಮ್ಮುವ ಬಗೆ), ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸಲು ಮೈಕೋ ಪಂಪ್. ಈ ಏರನ್ನು ಅದು ಸಾವಿರಾರು ಸಲ ಹತ್ತಿದೆ.

ಎರಡು ವರ್ಷದ ಹಿಂದೆ ಜನವರಿಯಲ್ಲಿ, ರೋಬಸ್ಟಾ ಕಾಫಿ ಕೊಯ್ಲು ಜೋರಾಗಿದ್ದಾಗ, ಹತ್ತು ಮೂಟೆ ಹಣ್ಣು ಹೇರಿಕೊಂಡು ಹೊರಟೆ. ಏರಿನ ಅರ್ಧಕ್ಕೆ ಬಂದಾಗ ಎಂಜಿನ್ ಯಾರೋ ಕತ್ತು ಹಿಸುಕಿದ ಹಾಗೆ ಕುಗ್ಗತೊಡಗಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಏನೂ ಇಲ್ಲ. ಹೊಗೆ ಇಲ್ಲ, ವಿಚಿತ್ರ ಸದ್ದು ಇಲ್ಲ. ಸುಮ್ನೆ ಶಕ್ತಿ ಕಮ್ಮಿಯಾಗಿ ನಿಂತೇಹೋಯಿತು. ಚಕ್ರಕ್ಕೆ ಕಲ್ಲು ಕೊಟ್ಟು ಹತ್ತು ನಿಮಿಷ ಕಾದೆವು. ಕೀ ತಿರುಗಿಸಿದರೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು. ಇನ್ನೂರು ಮೀಟರ್ ಹೋಗಿ ಮತ್ತೆ ನಿಂತಿತು.

ಆಮೇಲೆ ಮೂರು ವಾರ ನಾನು ಪಟ್ಟ ಪಾಡು, ಕೊನೆಗೆ ಕಲಿತ ದಾರಿ, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಹಳೇ ಡೀಸೆಲ್ ಜೀಪ್ ಇಟ್ಟುಕೊಂಡವರಿಗೆ ಇದು ಇವತ್ತಲ್ಲ ನಾಳೆ ಬರುವ ತೊಂದರೆ.

ನಾನು ಮಾಡಿದ ತಪ್ಪು ಮೊದಲು ಹೇಳುತ್ತೇನೆ. ಫಿಲ್ಟರ್ ಬದಲಾಯಿಸಿದೆ. ಎರಡು ದಿನ ಚೆನ್ನಾಗಿತ್ತು, ಯಾಕೆಂದರೆ ಆ ಎರಡು ದಿನ ಲೋಡ್ ಇರಲಿಲ್ಲ. ಮೂರನೇ ದಿನ ಅದೇ ಜಾಗದಲ್ಲಿ ನಿಂತಿತು. ಇನ್ನೊಂದು ಸಲ ಫಿಲ್ಟರ್ ಹಾಕಿಸಿದೆ. ಆಮೇಲೆ ಒಬ್ಬ ಮೆಕ್ಯಾನಿಕ್ ಪಂಪ್ ಹೋಗಿದೆ ಅಂದರು. ಪಂಪ್ ಬಿಚ್ಚಿ, ಅಳತೆ ಸರಿಮಾಡಿಸಲು ಕ್ಯಾಲಿಬ್ರೇಷನ್‌ಗೆ ಕಳಿಸಿದೆವು. ಕೊಯ್ಲಿನ ನಡುವೆ ನಾಲ್ಕು ದಿನ ಗಾಡಿ ಇಲ್ಲ, ಬಾಡಿಗೆ ಪಿಕಪ್‌ನಲ್ಲಿ ಹಣ್ಣು ಸಾಗಿಸಿದೆ. ಪಂಪ್ ವಾಪಸ್ ಬಂತು, ಕೂರಿಸಿದರು, ಅದೇ ಏರು, ಅದೇ ಅರ್ಧದಾರಿ. ಆಗ ನನಗೆ ಅಳು ಬಂದಿತ್ತು.

ಸೋದರಮಾವ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರು ಬಂದು ಬಾನೆಟ್ ಕೂಡ ಎತ್ತಲಿಲ್ಲ. "ಟ್ಯಾಂಕನ್ನೇ ಬಿಟ್ಟು ಓಡಿಸಿ ನೋಡಿದ್ಯಾ ಮಗಾ?" ಅಂತ ಕೇಳಿದರು. ಇಲ್ಲ ಮಾವ, ಅಂದೆ. ಐದು ಲೀಟರಿನ ಒಂದು ಕ್ಯಾನು, ಎರಡು ತುಂಡು ಪೈಪು ತರಿಸಿದರು. ಒಂದು ಗಂಟೆಯಲ್ಲಿ ತಪ್ಪು ಯಾವ ಕಡೆ ಇದೆ ಅಂತ ಗೊತ್ತಾಯಿತು.

ಡೀಸೆಲ್ ಬರುವ ದಾರಿ

ಹುಡುಕುವ ಮೊದಲು ದಾರಿ ಗೊತ್ತಿರಬೇಕು. ನನ್ನ ಜೀಪಿನ ಹಾಗೆ ಇನ್‌ಲೈನ್ ಪಂಪ್ (ಡೀಸೆಲ್ ಒತ್ತುವ ತುಣುಕುಗಳು ಒಂದೇ ಸಾಲಿನಲ್ಲಿರುವ ಪಂಪ್) ಇರುವ ಗಾಡಿಗಳಲ್ಲಿ ಟ್ಯಾಂಕಿನೊಳಗೆ ತಳದವರೆಗೆ ಇಳಿದ ಒಂದು ಪೈಪ್ ಇರುತ್ತದೆ. ಅಲ್ಲಿಂದ ಕಬ್ಬಿಣದ ಪೈಪು ಚಾಸಿಸ್ ಪಕ್ಕದಲ್ಲೇ ಮುಂದೆ ಬರುತ್ತದೆ. ಕೊನೆಗೆ ರಬ್ಬರ್ ಹೋಸ್, ಅದು ಫೀಡ್ ಪಂಪಿಗೆ. ಫೀಡ್ ಪಂಪ್ ಅಂದರೆ ದೊಡ್ಡ ಪಂಪಿನ (ಅದೇ ಮೈಕೋ ಪಂಪ್) ಪಕ್ಕಕ್ಕೆ ಕೂರಿಸಿದ ಸಣ್ಣ ಪಂಪ್, ಅದರ ಮೇಲೆ ಕೈಯಲ್ಲಿ ಒತ್ತುವ ಗುಬುಟು ಇರುತ್ತದೆ. ಅಲ್ಲಿಂದ ಫಿಲ್ಟರ್, ಫಿಲ್ಟರಿನಿಂದ ದೊಡ್ಡ ಪಂಪ್, ಪಂಪಿನಿಂದ ಉಕ್ಕಿನ ಸಣ್ಣ ಪೈಪುಗಳಲ್ಲಿ ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನಾಝಲ್. ಉಳಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್.

ಮೈಕೋ ಪಂಪ್ ಅಂದೆ. ಮೈಕೋ ಶುರುವಾಗಿದ್ದು 1951ರಲ್ಲಿ. 2008ರಲ್ಲಿ ಕಂಪನಿಯ ಹೆಸರು ಬಾಷ್ ಅಂತ ಆಯಿತು. ನಮ್ಮ ಕಡೆ ಗ್ಯಾರೇಜುಗಳಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಬೆಂಗಳೂರಿನ ಆಡುಗೋಡಿಯ ಆ ಕಾರ್ಖಾನೆಯ ಹೆಸರು ಮೈಕೋ ಲೇಔಟ್ ಅಂತ ಒಂದು ಬಡಾವಣೆಗೇ ಅಂಟಿಕೊಂಡಿದೆ, ಅಲ್ವಾ?

ಈ ದಾರಿಯಲ್ಲಿ ಒಂದು ಗಡಿ ಇದೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಎಳೆಯುವ ಭಾಗ. ಫೀಡ್ ಪಂಪಿನಿಂದ ಮುಂದೆ ತಳ್ಳುವ ಭಾಗ. ತಳ್ಳುವ ಭಾಗದಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಜಿನುಗುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಭಾಗದಲ್ಲಿ ತೂತಿದ್ದರೆ ಎಂಜಿನ್ ಓಡುವಾಗ ಒಂದು ಹನಿಯೂ ಬೀಳುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ ಅಷ್ಟೇ. ಅದಕ್ಕೇ "ಎಲ್ಲೂ ಲೀಕ್ ಇಲ್ಲ" ಅನ್ನುವ ಮಾತನ್ನು ನಂಬಿ ಕೂರಬೇಡಿ.

ಎಷ್ಟು ಸಣ್ಣ ಬಲದ ಮೇಲೆ ಇದೆಲ್ಲ ನಡೆಯುತ್ತದೆ ಅಂತಲೂ ತಿಳಿದಿರಲಿ. ನಾಝಲ್ ತೆರೆಯುವುದು 200 ಬಾರ್ ಆಸುಪಾಸಿನ ಒತ್ತಡದಲ್ಲಿ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಫೀಡ್ ಪಂಪ್ ತಳ್ಳುವುದು 1ರಿಂದ 2 ಬಾರ್‌ನಲ್ಲಿ. ಎಳೆಯುವ ಕಡೆ ಎಷ್ಟೇ ಎಳೆದರೂ 1 ಬಾರ್ ದಾಟುವುದಿಲ್ಲ, ಯಾಕೆಂದರೆ ಅಲ್ಲಿ ಡೀಸೆಲನ್ನು ಮುಂದೆ ನೂಕುವುದು ಹೊರಗಿನ ಗಾಳಿಯ ಒತ್ತಡವೇ. ಇಷ್ಟು ನಾಜೂಕಾದ ಕಡೆ ಒಂದು ಸಡಿಲ ಕ್ಲಿಪ್ ಸಾಕು, ಒಂದು ಒಣಗಿದ ಎಲೆ ಸಾಕು.

ಇದು ಡೀಸೆಲ್ ತೊಂದರೆಯೇ ಹೌದಾ?

ಕುಗ್ಗುವಾಗ ಹಿಂದೆ ಕಪ್ಪು ಹೊಗೆ ಬರುತ್ತಿದ್ದರೆ ಡೀಸೆಲ್ ಬೇಕಾದಷ್ಟು ಸಿಗುತ್ತಿದೆ, ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಏರ್ ಫಿಲ್ಟರ್ ನೋಡಿ, ಈ ಬರಹ ಬಿಡಿ. ಎಂಜಿನ್ ಜೋರಾಗಿ ಕೂಗುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ ಅಂದರೆ ಕ್ಲಚ್. ಹೊಗೆ ಇಲ್ಲದೆ ಎಂಜಿನ್ನೇ ಸೊರಗುತ್ತಿದ್ದರೆ, ಅದೂ ಲೋಡ್ ಇದ್ದಾಗ ಮಾತ್ರ, ಆಗ ಡೀಸೆಲ್ ಸಾಲುತ್ತಿಲ್ಲ.

ಅಂಗಳದಲ್ಲಿ ನಿಲ್ಲಿಸಿ ರೇಸ್ ಮಾಡಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಖಾಲಿ ರೇಸ್ ಮಾಡುವಾಗ ಎಂಜಿನ್ನಿಗೆ ಬೇಕಾಗುವ ಡೀಸೆಲ್ ತೀರಾ ಕಮ್ಮಿ. ಅರ್ಧ ಕಟ್ಟಿಕೊಂಡ ಪೈಪಿನಲ್ಲೂ ಅಷ್ಟು ಬರುತ್ತದೆ. ಮೂಟೆ ಹೇರಿಕೊಂಡು ಏರು ಹತ್ತುವಾಗ ಬೇಕಾಗುವುದು ಅದರ ಹಲವು ಪಟ್ಟು. ನನ್ನ ಜೀಪ್ ಗ್ಯಾರೇಜಿನಲ್ಲಿ ಪ್ರತಿ ಸಲವೂ ಚೆನ್ನಾಗಿಯೇ ಓಡಿ ತೋರಿಸಿತು. ಪರೀಕ್ಷೆ ಏನಿದ್ದರೂ ತೊಂದರೆ ಬರುವ ಅದೇ ಏರಿನಲ್ಲಿ, ಅಷ್ಟೇ ಲೋಡಿನಲ್ಲಿ ಆಗಬೇಕು.

ಇನ್ನೂ ಎರಡು ಗಮನಿಸಿ. ಹತ್ತು ನಿಮಿಷ ನಿಲ್ಲಿಸಿದರೆ ಸರಿಹೋಗಿ, ಮತ್ತೆ ಸ್ವಲ್ಪ ದೂರದಲ್ಲಿ ಅದೇ ಆಗುತ್ತಿದ್ದರೆ ಎಲ್ಲೋ ಕಸ ಬಂದು ಬಾಯಿ ಮುಚ್ಚುತ್ತಿದೆ. ಎಳೆತ ನಿಂತಾಗ ಕಸ ಕಳಚಿ ಬೀಳುತ್ತದೆ. ಬೆಳಗ್ಗೆ ಮೊದಲ ಸ್ಟಾರ್ಟ್ ಕಷ್ಟ, ಸ್ಟಾರ್ಟ್ ಆಗಿ ಒಂದು ನಿಮಿಷಕ್ಕೆ ನಿಲ್ಲುತ್ತದೆ, ಆಮೇಲೆ ದಿನವಿಡೀ ಸರಿ ಅಂದರೆ ರಾತ್ರಿ ಎಲ್ಲಿಂದಲೋ ಗಾಳಿ ಸೇರಿ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತಿದೆ. ಇವೆರಡಕ್ಕೂ ಹುಡುಕುವ ಜಾಗ ಬೇರೆ.

ಕಾಸಿಲ್ಲದೆ ನೋಡಬಹುದಾದವು

ಗಾಡಿ ಏರಿನಲ್ಲಿ ಕುಗ್ಗಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ, ಕಿವಿಗೊಡಿ. ಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿಗೆ ಉಸಿರಾಟ ಇಲ್ಲ. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆ ಮುಚ್ಚಳದಲ್ಲೋ ಟ್ಯಾಂಕಿನ ಮೇಲೋ ಸಣ್ಣ ದಾರಿ ಇರುತ್ತದೆ. ಧೂಳು ಕೆಸರು ಸೇರಿ ಅದು ಮುಚ್ಚಿಹೋಗುತ್ತದೆ. ನಮ್ಮ ಕಡೆ ಇನ್ನೊಂದು ಅಭ್ಯಾಸ ಇದೆ: ಏರಿನಲ್ಲಿ ಡೀಸೆಲ್ ಚೆಲ್ಲುತ್ತದೆ ಅಂತ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಕವರ್ ಇಟ್ಟು ತಿರುಪುವುದು. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಮುಚ್ಚಳ ಹಾಕಿಸಿ.

ಡೀಸೆಲ್ ಎಷ್ಟಿದೆ ನೋಡಿ. ಕಾಲು ಟ್ಯಾಂಕ್ ಇಟ್ಟುಕೊಂಡು ಕಡಿದಾದ ಏರು ಹತ್ತಿದರೆ ಇರುವ ಡೀಸೆಲ್ಲೆಲ್ಲ ಹಿಂದಕ್ಕೆ ಹರಿಯುತ್ತದೆ. ಪೈಪಿನ ಬಾಯಿ ಮುಂದಿದ್ದರೆ ಅದು ಗಾಳಿ ಕುಡಿಯುತ್ತದೆ. ಟ್ಯಾಂಕ್ ತುಂಬಿಸಿ ಅದೇ ಏರು ಹತ್ತಿಸಿ ನೋಡಿ.

ಆಮೇಲೆ ಕೇಬಲ್‌ಗಳು. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಲಿ, ನೀವು ಬಾನೆಟ್ ಎತ್ತಿ ಪಂಪಿನ ಮೇಲಿನ ಲಿವರ್ ಕೊನೆಯ ಬೋಲ್ಟಿಗೆ ತಾಗುತ್ತದಾ ನೋಡಿ. ಪೆಡಲ್ ಕೆಳಗೆ ಮಡಚಿಕೊಂಡ ಮ್ಯಾಟ್ ಎಷ್ಟೋ ಸಲ ಅಡ್ಡ ಬಂದಿರುತ್ತದೆ. ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ಇದೆಯಲ್ಲ, ಅದು ತುಕ್ಕು ಹಿಡಿದು ಪೂರ್ತಿ ವಾಪಸ್ ಹೋಗದಿದ್ದರೆ ಪಂಪ್ ಅರ್ಧ ಬಂದ್ ಆದ ಸ್ಥಿತಿಯಲ್ಲೇ ಇರುತ್ತದೆ. ಥೇಟ್ ಡೀಸೆಲ್ ಸಾಲದ ಹಾಗೇ ಕಾಣುತ್ತದೆ. ಪಂಪಿನ ಬಳಿ ಲಿವರನ್ನು ಬೆರಳಲ್ಲಿ ದೂಡಿ ನೋಡಿದರೆ ತಿಳಿಯುತ್ತದೆ.

ಕೊನೆಗೆ ಆ ಕೈ ಗುಬುಟು. ಅದರ ತಿರುಪು ಬಿಚ್ಚಿ ಮೇಲೆ ಎಳೆಯಿರಿ, ಕೆಳಗೆ ಒತ್ತಿರಿ. ಮೇಲೆ ಎಳೆಯುವಾಗ ಬಿಗಿ ಬಂದು, ಬಿಟ್ಟರೆ ತಾನೇ ಕೆಳಗೆ ಜಾರಿದರೆ ಟ್ಯಾಂಕಿನ ಕಡೆ ಅಡ್ಡ ಇದೆ. ಎಷ್ಟು ಒತ್ತಿದರೂ ಗಟ್ಟಿಯೇ ಆಗದೆ ಸಪ್ಪೆಯಾಗಿ ಆಡುತ್ತಿದ್ದರೆ ಗಾಳಿ ಸೇರಿದೆ, ಇಲ್ಲವೇ ಫೀಡ್ ಪಂಪಿನೊಳಗಿನ ವಾಲ್ವ್ ಸವೆದಿದೆ. ಒತ್ತುವಾಗ ಗಟ್ಟಿಯಾಗಿ ನಿಲ್ಲುವುದು ಮಾಮೂಲು, ದಾರಿ ತುಂಬಿದೆ ಅಂತ. ನೋಡಿದ ಮೇಲೆ ಗುಬುಟನ್ನು ಮರೆಯದೆ ಬಿಗಿಯಾಗಿ ತಿರುಪಿ. ಸಡಿಲ ಬಿಟ್ಟರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ.

ಮಾವ ತೋರಿಸಿದ ಕ್ಯಾನಿನ ಪರೀಕ್ಷೆ

ಇದೊಂದನ್ನು ನಿಧಾನವಾಗಿ ಓದಿ.

ಐದು ಲೀಟರಿನ ಶುದ್ಧ ಕ್ಯಾನ್ ಬೇಕು. ನೀರಿನ ಪಸೆ ಇರಬಾರದು. ಅದಕ್ಕೆ ಮೂರು ನಾಲ್ಕು ಲೀಟರ್ ಬಂಕಿನಿಂದ ತಂದ ಹೊಸ ಡೀಸೆಲ್ ಹಾಕಿ. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಹೋಸ್ ಬಿಚ್ಚಿ, ಆ ಜಾಗಕ್ಕೆ ಬೇರೆ ಹೋಸ್ ಹಾಕಿ ಕ್ಲಿಪ್ ಬಿಗಿದು, ಇನ್ನೊಂದು ತುದಿಯನ್ನು ಕ್ಯಾನಿನ ತಳಕ್ಕೆ ಇಳಿಸಿ. ರಿಟರ್ನ್ ಪೈಪನ್ನೂ ಬಿಚ್ಚಿ, ಇನ್ನೊಂದು ಹೋಸ್ ಹಾಕಿ ಕ್ಯಾನಿಗೇ ಬಿಡಿ. ರಿಟರ್ನ್ ಹಾಗೇ ಬಿಟ್ಟರೆ ಕ್ಯಾನಿನ ಡೀಸೆಲ್ ಎಲ್ಲ ಟ್ಯಾಂಕ್ ಸೇರಿ ದಾರಿ ಮಧ್ಯೆ ಖಾಲಿಯಾಗುತ್ತದೆ. ಕ್ಯಾನಿನ ಬಾಯಿ ಗಾಳಿಯಾಡುವಷ್ಟು ತೆರೆದಿರಲಿ. ಹೋಸ್‌ಗಳು ಸೈಲೆನ್ಸರ್ ಪೈಪಿಗೆ, ಫ್ಯಾನಿಗೆ ತಾಗದ ಹಾಗೆ ಕಟ್ಟಿ. ಬಿಸಿ ಮ್ಯಾನಿಫೋಲ್ಡ್ (ಎಂಜಿನ್ನಿಂದ ಹೊಗೆ ಹೊರಬರುವ ಕೊಳವೆ) ಮೇಲೆ ಡೀಸೆಲ್ ಬಿದ್ದರೆ ಹೊತ್ತಿಕೊಳ್ಳಬಹುದು, ಇದರಲ್ಲಿ ಉದಾಸೀನ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಜೊತೆಗಿರಲಿ, ಇನ್ನೊಬ್ಬರು ಕ್ಯಾನ್ ಹಿಡಿದು ಪಕ್ಕದಲ್ಲಿ ಕೂರಲಿ.

ಮೊದಲ ಓಟ, ಕ್ಯಾನ್ ಕಾಲಡಿ. ಅಂದರೆ ಹೆಚ್ಚುಕಮ್ಮಿ ಟ್ಯಾಂಕಿನ ಎತ್ತರದಲ್ಲೇ. ಫೀಡ್ ಪಂಪ್ ಮಾಮೂಲಿನ ಹಾಗೆ ತಾನೇ ಎಳೆದುಕೊಳ್ಳಬೇಕು. ಅದೇ ಏರು, ಅಷ್ಟೇ ಮೂಟೆ. ಗಾಡಿ ಸರಾಗ ಹತ್ತಿದರೆ ತಪ್ಪಿರುವುದು ಟ್ಯಾಂಕಿನಲ್ಲಿ ಅಥವಾ ಟ್ಯಾಂಕಿನಿಂದ ಬರುವ ಪೈಪಿನಲ್ಲಿ. ಫಿಲ್ಟರ್, ಪಂಪ್, ನಾಝಲ್ ಯಾವುದನ್ನೂ ಮುಟ್ಟಬೇಡಿ.

ಹತ್ತದಿದ್ದರೆ ಎರಡನೇ ಓಟ. ಈಗ ಕ್ಯಾನನ್ನು ಎಂಜಿನ್ನಿಗಿಂತ ಮೇಲೆ, ಗಾಜಿನ ಫ್ರೇಮಿನ ಬಳಿ ಭದ್ರವಾಗಿ ಕಟ್ಟಿ. ಡೀಸೆಲ್ ತಾನಾಗಿ ಇಳಿದು ಬರುತ್ತದೆ. ಕೆಳಗಿಟ್ಟಾಗ ಸೊರಗಿದ್ದು ಮೇಲಿಟ್ಟಾಗ ಸರಿಯಾದರೆ ಫೀಡ್ ಪಂಪಿಗೆ ಎಳೆಯುವ ಶಕ್ತಿ ಇಲ್ಲ, ಅಥವಾ ಅದರ ಬಾಯಿಯ ಬಳಿಯೇ ಗಾಳಿ ಸೇರುತ್ತಿದೆ. ಮೇಲಿಟ್ಟಾಗಲೂ ಸೊರಗಿದರೆ ಮುಂದಿನ ಭಾಗ ನೋಡಬೇಕು: ಮೊದಲು ಫಿಲ್ಟರ್, ಕೊನೆಗೆ ಪಂಪ್.

ನಮ್ಮ ಜೀಪ್ ಮೊದಲ ಓಟದಲ್ಲೇ ಸೆಕೆಂಡ್ ಗೇರಿನಲ್ಲಿ ಒಂದೇ ಉಸಿರಿಗೆ ಮೇಲೆ ಹೋಯಿತು. ಮಾವ ಕ್ಯಾನ್ ಹಿಡಿದು ಪಕ್ಕದಲ್ಲಿ ಕೂತಿದ್ದರು. ಮೂರು ವಾರದ ಮೇಲೆ ಆ ಎಂಜಿನ್ನಿನ ತುಂಬು ದನಿ ಕೇಳಿದ್ದು ನನಗೆ ಈಗಲೂ ನೆನಪಿದೆ.

ಟ್ಯಾಂಕ್ ಇಳಿಸಿದೆವು. ಡೀಸೆಲ್ಲನ್ನು ಬಿಳಿ ಬಟ್ಟೆಯ ಮೇಲೆ ಸೋಸಿದಾಗ ಸಿಕ್ಕಿದ್ದು ಒಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಹೆಬ್ಬೆರಳ ಅಗಲ. ಎಣ್ಣೆ ಕ್ಯಾನುಗಳ ಬಾಯಿಗೆ ಅಂಟಿಸಿರುತ್ತಾರಲ್ಲ, ಆ ಸೀಲು. ಹಳೇ ಕ್ಯಾನಿನಿಂದ ಡೀಸೆಲ್ ಸುರಿಯುವಾಗ ಅದು ಒಳಗೆ ಹೋಗಿತ್ತು. ನಿಧಾನಕ್ಕೆ ಓಡಿಸುವಾಗ ಎಲ್ಲೋ ತೇಲುತ್ತಿತ್ತು. ಎಳೆತ ಜಾಸ್ತಿಯಾದಾಗ ಹೋಗಿ ಪೈಪಿನ ಬಾಯಿಗೆ ಅಂಟುತ್ತಿತ್ತು. ನಿಂತಾಗ ಕಳಚುತ್ತಿತ್ತು. ಅದಕ್ಕಾಗಿ ಎರಡು ಫಿಲ್ಟರ್, ಒಂದು ಪಂಪ್ ಕೆಲಸ, ನಾಲ್ಕು ದಿನದ ಬಾಡಿಗೆ. ಈಗ ನಮ್ಮಲ್ಲಿ ಜಾಲರಿ ಇರುವ ಲಾಳಿಕೆ ಇಲ್ಲದೆ ಯಾರೂ ಡೀಸೆಲ್ ಹಾಕುವುದಿಲ್ಲ.

ತಪ್ಪು ಟ್ಯಾಂಕಿನ ಕಡೆ ಅಂತ ಗೊತ್ತಾದ ಮೇಲೆ ಟ್ಯಾಂಕ್ ಇಳಿಸುವ ಮೊದಲು ಇನ್ನೊಂದು ಮಾಡಬಹುದು. ಫೀಡ್ ಪಂಪಿನ ಬಳಿ ಬಿಚ್ಚಿದ ಪೈಪಿಗೆ ಸೈಕಲ್ ಪಂಪ್ ಹಚ್ಚಿ ಟ್ಯಾಂಕಿನ ಕಡೆ ಮೆಲ್ಲಗೆ ಗಾಳಿ ಹೊಡೆಯಿರಿ. ಮುಚ್ಚಳ ತೆಗೆದಿರಲಿ. ಗುಳುಗುಳು ಅಂತ ಸದ್ದು ಸಲೀಸಾಗಿ ಬಂದರೆ ದಾರಿ ತೆರೆದಿದೆ. ಒತ್ತಲು ಕಷ್ಟವಾಗಿ ಆಮೇಲೆ ಒಮ್ಮೆಲೇ ಬಿಟ್ಟುಕೊಂಡರೆ ಕಸ ಇತ್ತು, ಈಗ ಟ್ಯಾಂಕಿನೊಳಗೇ ಬಿದ್ದಿದೆ, ಮತ್ತೆ ಬರುತ್ತದೆ. ಬಾಯಲ್ಲಿ ಊದುವುದು, ಎಳೆಯುವುದು ಬೇಡವೇ ಬೇಡ. ಡೀಸೆಲ್ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆ ಸೇರಬೇಕಾಗುತ್ತದೆ. ಕಬ್ಬಿಣದ ಪೈಪನ್ನು ಉದ್ದಕ್ಕೂ ಕೈಯಾಡಿಸಿ ನೋಡಿ. ಕಲ್ಲಿಗೆ ತಾಗಿ ಚಪ್ಪಟೆಯಾಗಿರಬಹುದು. ಕ್ಲಾಂಪಿನ ಕೆಳಗೆ ಉಜ್ಜಿ ಉಜ್ಜಿ ಸೂಜಿಮೊನೆಯ ತೂತು ಬಿದ್ದಿರಬಹುದು.

ಗಾಳಿಯನ್ನು ಕಣ್ಣಿಂದ ನೋಡುವುದು

ಗಾಳಿ ಸೇರುತ್ತಿದೆ ಅಂತ ಅನುಮಾನ ಇದ್ದರೆ ಹಾರ್ಡ್‌ವೇರ್ ಅಂಗಡಿಯಿಂದ ಒಂದಡಿ ಪಾರದರ್ಶಕ ಪೈಪು ತನ್ನಿ. ನಿಮ್ಮ ಹೋಸಿನ ಒಳಅಳತೆಯದೇ ಇರಲಿ. ಅದನ್ನು ಫೀಡ್ ಪಂಪಿಗೆ ಬರುವ ಹೋಸಿನ ಜಾಗಕ್ಕೆ ತಾತ್ಕಾಲಿಕವಾಗಿ ಹಾಕಿ. ಎಂಜಿನ್ ಓಡಲಿ. ಪೈಪ್ ಬಿಚ್ಚಿ ಹಾಕಿದ್ದರಿಂದ ಮೊದಲ ಕೆಲವು ನಿಮಿಷ ಗುಳ್ಳೆ ಬಂದೇ ಬರುತ್ತದೆ, ಗಾಬರಿಯಾಗಬೇಡಿ. ಆಮೇಲೂ ಮಣಿ ಪೋಣಿಸಿದ ಹಾಗೆ ಗುಳ್ಳೆ ಬರುತ್ತಲೇ ಇದ್ದರೆ ಅದರ ಹಿಂದೆ ಎಲ್ಲೋ ಗಾಳಿ ಸೇರುತ್ತಿದೆ. ಗುಳ್ಳೆ ಇಲ್ಲ, ಎಂಜಿನ್ ಮಾತ್ರ ಸೊರಗುತ್ತಿದೆ, ರೇಸ್ ಕೊಟ್ಟಾಗ ಪೈಪ್ ಒಳಕ್ಕೆ ಅಂಟಿಕೊಳ್ಳುತ್ತಿದೆ ಅಂದರೆ ಅಡ್ಡ. ಒಂದು ಸೂಕ್ಷ್ಮ ಇದೆ: ಅಡ್ಡ ತುಂಬಾ ಬಲವಾಗಿದ್ದರೆ ಡೀಸೆಲ್ಲಿನಲ್ಲೇ ಕರಗಿದ ಗಾಳಿ ಬಿಟ್ಟುಕೊಂಡು ಸಣ್ಣ ಗುಳ್ಳೆ ಕಾಣಬಹುದು. ಅದಕ್ಕೇ ಕ್ಯಾನಿನ ಪರೀಕ್ಷೆ ಮೊದಲು, ಇದು ಆಮೇಲೆ. ಈ ಪೈಪು ಡೀಸೆಲ್ಲಿಗೆ ಬಿಸಿಗೆ ಗಡುಸಾಗುತ್ತದೆ, ಹಾಗೇ ಬಿಡಬೇಡಿ.

ತೂತು ಎಲ್ಲಿದೆ ಅಂತ ಹುಡುಕಲು ಕ್ಯಾನನ್ನೇ ಮತ್ತೆ ಬಳಸಬಹುದು. ಟ್ಯಾಂಕಿನ ಬಳಿ ಪೈಪ್ ಬಿಚ್ಚಿ, ಅಲ್ಲಿಗೆ ಕ್ಯಾನಿನ ಹೋಸ್ ಹಾಕಿ, ಕ್ಯಾನನ್ನು ಎತ್ತರಕ್ಕೆ ಕಟ್ಟಿ ರಾತ್ರಿಯಿಡೀ ಬಿಡಿ. ಈಗ ಒಳಗೆ ಒತ್ತಡ ಇದೆ. ಹಗಲು ಗಾಳಿ ಎಳೆದ ಜಾಗ ರಾತ್ರಿ ಡೀಸೆಲ್ ಉಗುಳುತ್ತದೆ. ಎಲ್ಲ ಜೋಡಣೆಗಳನ್ನೂ ಒರೆಸಿ, ಮೇಲೆ ಮುಖದ ಪೌಡರ್ ತೆಳ್ಳಗೆ ಉದುರಿಸಿ. ಬೆಳಗ್ಗೆ ಒದ್ದೆಯಾದ ಜಾಗ ಕಪ್ಪಗೆ ಕಾಣುತ್ತದೆ. ನನ್ನ ಅನುಭವದಲ್ಲಿ ಸಿಕ್ಕಿಬೀಳುವುದು ಇವೇ: ಗಡುಸಾದ ಹೋಸಿನ ತುದಿ, ಹಳೇ ಕ್ಲಿಪ್, ಫೀಡ್ ಪಂಪಿನ ಕೆಳಗಿನ ಬೌಲಿನ ವಾಷರ್, ಪೈಪಿನ ತುದಿ ಕೂರಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೋ ಬೋಲ್ಟ್) ತಾಮ್ರದ ವಾಷರ್. ತಾಮ್ರದ ವಾಷರ್ ಒಮ್ಮೆ ಬಿಗಿದರೆ ಗಡುಸಾಗುತ್ತದೆ. ಹೊಸದು ಹಾಕಿ. ಕಾಡಿನ ಮಧ್ಯೆ ಹೊಸದಿಲ್ಲದಿದ್ದರೆ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆದುವಾಗುತ್ತದೆ.

ಫಿಲ್ಟರಿನ ತಳದಲ್ಲಿ ಏನಿದೆ

ಫಿಲ್ಟರ್ ಬದಲಾಯಿಸಿ ಹಳೆಯದನ್ನು ಎಸೆಯುವ ಮೊದಲು ಅದರಲ್ಲಿರುವುದನ್ನು ಗಾಜಿನ ಬಾಟಲಿಗೆ ಸುರಿದು ಕಾಲು ಗಂಟೆ ಬಿಡಿ. ಡೀಸೆಲ್ ನೀರಿಗಿಂತ ಹಗುರ, ಒಂದು ಲೀಟರಿಗೆ ಸುಮಾರು 830 ಗ್ರಾಂ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಕಾಫಿ ಚರಟದ ಹಾಗೆ ಕಪ್ಪು ಲೋಳೆ ಇದ್ದರೆ ಅದು ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕೆಲಸ. ಆಗ ಫಿಲ್ಟರ್ ಎಷ್ಟು ಹಾಕಿದರೂ ಕಟ್ಟಿಕೊಳ್ಳುತ್ತದೆ, ಟ್ಯಾಂಕನ್ನೇ ತೊಳೆಸಬೇಕು. ಕೆಂಪು ಪುಡಿ ಇದ್ದರೆ ಟ್ಯಾಂಕ್ ತುಕ್ಕು.

ನಮ್ಮ ಕಡೆ ನೀರು ಬರುವುದು ಎರಡು ದಾರಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ತೇವ ಕಟ್ಟಿ ಇಳಿಯುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಡಿ. ಇನ್ನೊಂದು, ಬಿಸಿಯಾದ ಗಾಡಿಯನ್ನು ಹಳ್ಳಕ್ಕೆ ಇಳಿಸಿದಾಗ ಟ್ಯಾಂಕ್ ತಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಟದ ಪೈಪಿನ ಬಾಯಿ ನೀರಲ್ಲಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ. ಆ ಪೈಪನ್ನು ಉದ್ದ ಮಾಡಿ ಮೇಲಕ್ಕೆ ಕಟ್ಟಿಸಿ. ನೀರು ಪಂಪಿಗೆ ಹೋಗುವುದು ಬಹಳ ಕೆಟ್ಟದ್ದು. ಪಂಪಿನ ಒಳಗೆ ಡೀಸೆಲ್ ಒತ್ತುವ ಪ್ಲಂಜರಿಗೂ ಅದರ ಗೂಡಿಗೂ ನಡುವೆ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಂದು. ಅಲ್ಲಿ ಜಾರಲು ಎಣ್ಣೆಯ ಕೆಲಸ ಮಾಡುವುದು ಡೀಸೆಲ್ಲೇ.

ಏರ್ ತೆಗೆಯುವುದು

ಮೇಲಿನ ಯಾವ ಕೆಲಸ ಮಾಡಿದರೂ ಕೊನೆಗೆ ಏರ್ ತೆಗೆಯಲೇಬೇಕು, ಅಂದರೆ ದಾರಿಯಲ್ಲಿ ಸೇರಿದ ಗಾಳಿಯನ್ನು ಹೊರಹಾಕಬೇಕು. ಫಿಲ್ಟರಿನ ತಲೆಯ ಮೇಲೆ ಗಾಳಿ ಬಿಡಲು ಇರುವ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ. ಗುಬುಟು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ನೊರೆ ನಿಂತು ಶುದ್ಧ ಡೀಸೆಲ್ ಬಂದಾಗ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಎರಡು ಫಿಲ್ಟರ್ ಇದ್ದರೆ ಮೊದಲು ಮೊದಲನೆಯದು, ಆಮೇಲೆ ಎರಡನೆಯದು. ನಂತರ ದೊಡ್ಡ ಪಂಪಿನ ಬ್ಲೀಡ್ ಸ್ಕ್ರೂ, ಅದೇ ರೀತಿ. ಇಷ್ಟಕ್ಕೂ ಸ್ಟಾರ್ಟ್ ಆಗದಿದ್ದರೆ ಎರಡು ನಾಝಲ್ ಪೈಪುಗಳ ನಟ್ ಅರ್ಧ ಸುತ್ತು ಸಡಿಲಿಸಿ ಸ್ಟಾರ್ಟರ್ ಹೊಡೆಯಿರಿ. ಅಲ್ಲಿ ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಿರಿ. ಮುಖ, ಕೈ ಹತ್ತಿರ ತರಬೇಡಿ. ಸ್ಟಾರ್ಟರನ್ನು ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಹೊಡೆಯಬೇಡಿ, ನಡುವೆ ಬಿಡುವು ಕೊಡಿ. ಚೆಲ್ಲಿದ್ದೆಲ್ಲ ಒರೆಸಿ.

ನಾಝಲ್ ಪೈಪಿನ ನಟ್ ಸಡಿಲಿಸುವ ಮಾತು ಹಳೇ ಪಂಪುಗಳಿಗೆ ಮಾತ್ರ. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ (ಎಲ್ಲ ನಾಝಲ್ಲುಗಳಿಗೂ ರೈಲ್ ಅನ್ನುವ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಗಾಡಿಗಳು) ನಾಝಲ್ ಪೈಪಿನ ನಟ್‌ಗೆ ಸ್ಪ್ಯಾನರ್ ಹಾಕಲೇಬೇಡಿ. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಿಲುಮೆಯೂ ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ. ಮೇಲೆ ಇರುವೆ ಕಚ್ಚಿದಷ್ಟೇ ಗುರುತು ಕಾಣಬಹುದು, ಒಳಗೆ ಬೆರಳು ಕಳೆದುಕೊಳ್ಳುವಷ್ಟು ಹಾನಿ ಆಗಿರಬಹುದು. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಚುಚ್ಚಿದೆ ಅಂತಲೇ ಡಾಕ್ಟರಿಗೆ ಹೇಳಿ. ಅಂಥ ಗಾಡಿಗಳಲ್ಲಿ ಮುಚ್ಚಳದ ಉಸಿರಾಟ, ಟ್ಯಾಂಕ್, ಪೈಪ್, ಫಿಲ್ಟರಿನ ನೀರು ಇಷ್ಟನ್ನು ನೀವು ನೋಡಬಹುದು. ಮುಂದಿನದಕ್ಕೆ ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಬೇಕು. ಅದರಲ್ಲಿ ಪಿ0087 ಅಂತ ಕೋಡ್ ಬಂದರೆ ರೈಲಿನಲ್ಲಿ ಒತ್ತಡ ಸಾಲುತ್ತಿಲ್ಲ ಅಂತ ಅರ್ಥ. ಅದನ್ನು ನೋಡಿದ ಕೂಡಲೇ ದುಬಾರಿ ಪಂಪ್ ಬದಲಾಯಿಸಲು ಒಪ್ಪಬೇಡಿ. ಕಟ್ಟಿಕೊಂಡ ಫಿಲ್ಟರಿಗೂ ಅದೇ ಕೋಡ್ ಬರುತ್ತದೆ.

ಎಲ್ಲ ಮುಗಿದ ಮೇಲೆ ಅಷ್ಟೇ ಮೂಟೆ ಹೇರಿ ಅದೇ ಏರು ಎರಡು ಸಲ ಹತ್ತಿಸಿ. ವಾಪಸ್ ಬಂದು ಎಂಜಿನ್ ಆಫ್ ಮಾಡಿ, ಕೈ ಹಾಕಿದ ಎಲ್ಲ ಜೋಡಣೆಗಳ ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಗ್ಗೆ ಪೇಪರ್ ಒಣಗಿರಬೇಕು, ಗುಬುಟು ಮುಟ್ಟದೆ ಮೊದಲ ಹೊಡೆತಕ್ಕೇ ಸ್ಟಾರ್ಟ್ ಆಗಬೇಕು. ಆಮೇಲೆ ಫಿಲ್ಟರಿನ ಮೇಲೆ ಮಾರ್ಕರಿನಲ್ಲಿ ತಾರೀಖು, ಕಿಲೋಮೀಟರ್ ಬರೆದಿಡಿ.